ದನಿಗೆ ಬೆಳೆದ ಕೂದಲು

ರೇಡಿಯೊದಲ್ಲಿ ನನಗೆ ತುಂಬ ಕೂದಲಿತ್ತು. ಕಪ್ಪು, ಗುಂಗುರು, ಎಷ್ಟು ಬಾಚಿದರೂ ಹಣೆಗೆ ಬಂದು ಬೀಳುವಂಥದು. ನಿಜವಾದ ತಲೆಯ ಕಥೆ ಬೇರೆ. ಅದು ನನ್ನ ಇಪ್ಪತ್ತಾರನೇ ವಯಸ್ಸಿಗೇ ಬಟಾಬಯಲಾಗಿ, ಎರಡು ಕಿವಿಗಳ ಮೇಲೆ ಎರಡು ಪೊದೆ ಮಾತ್ರ ಉಳಿದಿದ್ದವು. ಸಾನ್ ಇಲಾರಿಯೊ ಪೇಟೆಯವರಿಗೆ ಇದು ಗೊತ್ತಿತ್ತು. ಬೆಟ್ಟದ ಮೇಲಿನ ಹಳ್ಳಿಯವರಿಗೆ ಗೊತ್ತಿರಲಿಲ್ಲ. ಅವರು ನನ್ನನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ.

ಈ ಸುಳ್ಳನ್ನು ನಾನು ಕೂತು ಯೋಚಿಸಿ ಹೇಳಿದ್ದಲ್ಲ. ‘ಬೆಟ್ಟದ ದನಿ’ ರೇಡಿಯೊಗೆ ಸೇರಿದ ಹೊಸದರಲ್ಲಿ ಯಾವಳೋ ಹುಡುಗಿ ಕಾಗದ ಬರೆದು, ದೋನ್ ಅದೆಲ್ಮೊ, ನಿಮ್ಮ ಕೂದಲು ಹೇಗಿದೆ ಎಂದು ಕೇಳಿದ್ದಳು. ಮೈಕಿನ ಮುಂದೆ ಕೂತ ಗಂಡಸಿಗೆ ಅಂಥ ಪ್ರಶ್ನೆ ಬಂದರೆ ಸತ್ಯ ಹೊಳೆಯುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. ಅಲ್ಲಿಂದಾಚೆಗೆ ನನ್ನ ಹುಟ್ಟುಹಬ್ಬಕ್ಕೆ ಬೆಟ್ಟದಿಂದ ಗಿಣ್ಣು, ಮೊಟ್ಟೆಗಳ ಜೊತೆಗೆ ಐದಾರು ಬಾಚಣಿಗೆಯೂ ಬರತೊಡಗಿದವು. ನನ್ನ ಹೆಂಡತಿ ಓರ್ಫೆಲಿಂಡಾ ಅವುಗಳಿಂದ ಉಣ್ಣೆ ಬಿಡಿಸುತ್ತಿದ್ದಳು.

ನನ್ನ ಕೆಲಸ ಚೀಟಿ ಓದುವುದು. ಫೋನಿನ ಗೋಪುರಗಳು ಬರುವುದಕ್ಕೆ ಇನ್ನೂ ಹತ್ತು ವರ್ಷವಿದ್ದ ಕಾಲ. ಬೆಟ್ಟದಲ್ಲಿ ದಾರಿ ಇರಲಿಲ್ಲ, ಕರೆಂಟು ಇರಲಿಲ್ಲ, ಮನೆಗೊಂದು ಬ್ಯಾಟರಿ ರೇಡಿಯೊ ಮಾತ್ರ ಇತ್ತು. ಆಸ್ಪತ್ರೆಗೋ ಕಾಫಿ ಮಾರುವುದಕ್ಕೋ ಪೇಟೆಗೆ ಇಳಿದವರು ಒಂದು ಚೀಟಿ ಬರೆದು, ಮುಂದಿನ ಕಿಟಕಿಯಲ್ಲಿ ಅದಕ್ಕೆ ನಾಲ್ಕು ಕಾಸು ಕೊಟ್ಟು ಹೋಗುತ್ತಿದ್ದರು. ಬೆಳಿಗ್ಗೆ ಐದಕ್ಕೆ, ಸಂಜೆ ಆರಕ್ಕೆ ನಾನು ಓದುತ್ತಿದ್ದೆ. ‘ಮೇಲಿನ ಪಾಲ್ಟಾದ ಸೂತಾ ಮನೆಯವರಿಗೆ: ಅಪ್ಪನ ಆಪರೇಷನ್ ಚೆನ್ನಾಗಿ ಆಯಿತು. ಶನಿವಾರ ಸೇತುವೆ ಹತ್ತಿರ ಹೇಸರಗತ್ತೆ ಕಳಿಸಿ. ಜೀನು ಮರೆಯಬೇಡಿ.’ ಶನಿವಾರ ಸೇತುವೆಯ ಹತ್ತಿರ ಹೇಸರಗತ್ತೆ ನಿಂತಿರುತ್ತಿತ್ತು, ಜೀನಿನ ಸಮೇತ. ಚೀಟಿಯಲ್ಲಿದ್ದದ್ದನ್ನು ಒಂದಕ್ಷರ ಬದಲಿಸದೆ ಓದಬೇಕು, ಯಾಕೆ ಏನು ಎಂದು ಕೇಳಬಾರದು ಎನ್ನುವುದು ನಮ್ಮ ರೇಡಿಯೊದ ನಿಯಮ. ಇಪ್ಪತ್ತೆರಡು ವರ್ಷ ಹಾಗೇ ಓದಿದೆ. ಬೆಟ್ಟದ ಪ್ರತಿಯೊಂದು ಮನೆಯೂ ನನಗೆ ಗೊತ್ತು ಎಂದು ಪೇಟೆಯ ಹೋಟೆಲಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಒಂದು ಮನೆಯ ಅಂಗಳಕ್ಕೂ ಕಾಲಿಟ್ಟವನಲ್ಲ.

ಆ ವರ್ಷ ರೇಡಿಯೊದ ಮಾಲೀಕ ದೋನ್ ತಿಯೊಬಾಲ್ದೊ ನನ್ನ ಹೊಟ್ಟೆಗೆ ಬೆಂಕಿ ಹಾಕಿದ. ಪ್ರತಿ ಡಿಸೆಂಬರಿನಲ್ಲಿ ನಾವು ಹಳ್ಳಿಗಳಿಗೆ ಕ್ಯಾಲೆಂಡರು ಹಂಚುತ್ತೇವೆ. ಸಾಮಾನ್ಯವಾಗಿ ಅದರಲ್ಲಿ ಒಂದು ಜಲಪಾತ ಇರುತ್ತದೆ. ಈ ಸಲ ಜಲಪಾತ ಬೇಡ, ನಿನ್ನ ಫೋಟೊ ಹಾಕೋಣ, ಜನ ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ ಎಂದ. ಟೋಪಿ ಹಾಕಿಕೊಂಡು ತೆಗೆಸುತ್ತೇನೆ ಎಂದೆ. ಆ ಕೂದಲನ್ನು ನೋಡುವುದಕ್ಕೇ ಅಲ್ಲವೇನೋ ಅವರು ಕಾಯುತ್ತಿರುವುದು ಎಂದು ನಕ್ಕ. ಎರಡು ಸಾವಿರ ಅಡುಗೆಮನೆಗಳ ಗೋಡೆಯ ಮೇಲೆ ನನ್ನ ಬುರುಡೆ ಹನ್ನೆರಡು ತಿಂಗಳು ತೂಗಾಡುವುದನ್ನು ನೆನೆಸಿಕೊಂಡು ಎರಡು ದಿನ ಊಟ ಸೇರಲಿಲ್ಲ. ನಾಚಿಕೆಗೇಡು, ಆದರೆ ನಿಜ.

ಡಾಕ್ಟರ್ ಲಿಸಾಂದ್ರೊ ಬರೂಆ ಬಂದದ್ದು ಸರಿಯಾಗಿ ಆ ವಾರ. ಬಿಳಿ ಕೋಟು, ಜೇಬಿನಲ್ಲಿ ಮೂರು ಪೆನ್ನು. ಮೂರು ಪೆನ್ನಿನ ಡಾಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು ಚೀಟಿ ಬರೆಯುವುದಕ್ಕೆ ರೋಗಿಯ ಹತ್ತಿರವೇ ಪೆನ್ನು ಕೇಳುತ್ತಿದ್ದರು. ಅವನು ತಂದದ್ದು ‘ಜೀವಂತ ಬೇರು’ ಎನ್ನುವ ಕೆಂಪು ಔಷಧಿ. ಕೆಳಗಿನ ಕಾಡಿನ ನದಿಯೊಂದರ ದಡದಲ್ಲಿ ನೂರಾ ನಾಲ್ಕು ವರ್ಷದ ಅಜ್ಜಿಯೊಬ್ಬಳು ಮಂಡಿಯವರೆಗಿನ ಜಡೆ ಬಿಟ್ಟುಕೊಂಡು ಕೂತಿದ್ದಾಳೆ, ಅವಳು ಹೇಳಿಕೊಟ್ಟದ್ದು ಎಂದ. ಯಾವ ನದಿ ಎಂದೆ. ಹೇಳಿದರೆ ದೊಡ್ಡ ಕಂಪನಿಯವರು ಹೋಗಿ ಅಜ್ಜಿಯನ್ನು ಹಿಡಿದುಕೊಳ್ಳುತ್ತಾರೆ ಎಂದ. ನಾನು ತಲೆಯಾಡಿಸಿದೆ. ಎರಡು ಫೋಟೊ ತೋರಿಸಿದ, ಒಂದರಲ್ಲಿ ಬೋಳ, ಇನ್ನೊಂದರಲ್ಲಿ ಕೂದಲಿದ್ದವ. ಮೊದಲನೆಯವನ ಕಿವಿ ಅಗಲ, ಎರಡನೆಯವನದು ಚಿಕ್ಕದು. ಔಷಧಿಗೆ ಕಿವಿಯೂ ತಿದ್ದಿಕೊಳ್ಳುತ್ತದೇನೋ ಎಂದುಕೊಂಡೆ. ಗುಣ ಕಾಣದಿದ್ದರೆ ದುಡ್ಡು ವಾಪಸ್ಸು, ಸೀಸೆಯ ಮೊಹರು ಒಡೆಯದೆ ತಂದುಕೊಟ್ಟರೆ ಸಾಕು ಎನ್ನುವ ಅವನ ಜಾಹೀರಾತಿನ ವಾಕ್ಯವನ್ನು ಮೈಕಿನಲ್ಲಿ ದಿನಕ್ಕೆ ನಾಲ್ಕು ಸಲ ಓದಿದೆ. ಒಂದು ಸಲವೂ ನನಗೆ ನಗು ಬರಲಿಲ್ಲ.

ಆದರೂ ಮೊದಲ ಮೂರು ದಿನ ನಾನು ಬಗ್ಗಲಿಲ್ಲ ಎನ್ನುವುದನ್ನು ದಯವಿಟ್ಟು ನೆನಪಿಡಿ. ಜಾಹೀರಾತು ಓದುವುದು ನನ್ನ ಹೊಟ್ಟೆಪಾಡು, ನಂಬುವುದಲ್ಲ. ನಾಲ್ಕನೆಯ ದಿನ ಚೀಟಿಗಳು ಬಂದವು. ಜಾಹೀರಾತಲ್ಲ, ಕಿಟಕಿಯಲ್ಲಿ ಕಾಸು ಕೊಟ್ಟು ಬರೆಸಿದ ಚೀಟಿಗಳು. ‘ಕೆಳಗಿನ ತಿಂಬೋದಲ್ಲಿರುವ ನನ್ನ ತಮ್ಮನಿಗೆ, ಸಲೊಮೊನ್ ಪುಸ್ಕಾನ್ ತಿಳಿಸುವುದು: ನನಗೆ ಕೂದಲು ಬಂತು. ಹೆಂಡತಿಗೇ ಗುರುತು ಸಿಗಲಿಲ್ಲ. ಸಂತೋಷಕ್ಕೆ ಪಾರವಿಲ್ಲ. ನಿನಗೂ ಜೀವಂತ ಬೇರು ತರುತ್ತಿದ್ದೇನೆ.’ ಮಾರನೆಯ ದಿನ ಇನ್ನೊಂದು. ಅದರಲ್ಲಿ ಗಂಡನಿಗೆ ಹೆಂಡತಿಯ ಗುರುತು ಸಿಕ್ಕಿರಲಿಲ್ಲ. ಮೂರನೆಯದರಲ್ಲಿ ಮನೆಯ ನಾಯಿಯೇ ಯಜಮಾನನನ್ನು ನೋಡಿ ಬೊಗಳಿತ್ತು. ಚೀಟಿ ಎಂದರೆ ನಮ್ಮಲ್ಲಿ ಸಾವು, ಹುಟ್ಟು, ಹೇಸರಗತ್ತೆ. ಅದರಲ್ಲಿ ಸುಳ್ಳು ಬರೆಯುವವರು ಇದ್ದಾರೆಂದು ನನಗೆ ಹೊಳೆಯಲೂ ಇಲ್ಲ. ಸಾಲದ್ದಕ್ಕೆ ಅದನ್ನು ಹೇಳುತ್ತಿದ್ದ ದನಿ ಎಂಥದು! ಇಡೀ ಬೆಟ್ಟವೇ ಇಪ್ಪತ್ತೆರಡು ವರ್ಷ ನಂಬಿದ ದನಿ. ನಾನೊಬ್ಬ ಮಾತ್ರ ಅದನ್ನು ಯಾಕೆ ನಂಬಬಾರದು? ಐದನೆಯ ಚೀಟಿ ಓದಿ ಮುಗಿಸಿ, ಸೀದಾ ಡಾಕ್ಟರನ ವಸತಿಗೃಹಕ್ಕೆ ಹೋದೆ. ಅವನು ನನ್ನ ಟೋಪಿಯನ್ನು ನೋಡಿ, ನಿಮ್ಮಂಥವರಿಗೆ ಉಚಿತ ಎಂದು ಆರು ಸೀಸೆ ಎತ್ತಿಟ್ಟ. ಕಾದುಕೊಂಡೇ ಇದ್ದನೇನೋ.

ಹಚ್ಚಿದ ಮೊದಲ ದಿನವೇ ತಲೆ ಉರಿದು ಕಣ್ಣಲ್ಲಿ ನೀರು ಬಂತು. ಓರ್ಫೆಲಿಂಡಾ ಸೀಸೆಯನ್ನು ಮೂಸಿ ನೋಡಿದಳು.

“ಮುದುಕಾ, ಇದ್ರಲ್ಲಿ ಸೀಮೆಎಣ್ಣೆ ಇದೆ, ಮೆಣಸಿನಕಾಯಿ ಇದೆ. ನಮ್ಮಮ್ಮ ಇದನ್ನ ಕೋಳಿ ಹೇನಿಗೆ ಹಚ್ತಿದ್ಲು.”

“ಕೋಳಿಗೆ ಏನಾಯ್ತು?”

“ಹೇನು ಸತ್ವು. ಕೋಳಿಗೆ ಕೂದ್ಲು ಬಂದಿದ್ದು ನಾನಂತೂ ನೋಡ್ಲಿಲ್ಲ.”

ಹೆಂಗಸರಿಗೆ ವಿಜ್ಞಾನ ಗೊತ್ತಿಲ್ಲ ಎಂದು ಬೈದು ಡಾಕ್ಟರನ ಹತ್ತಿರ ಹೋದೆ. ಉರಿ ಎಂದರೆ ಬೇರು ಎಚ್ಚರವಾಗಿದೆ ಎಂದರ್ಥ, ಹೆಚ್ಚು ಉರಿದಷ್ಟೂ ಒಳ್ಳೆಯದು, ಆದರೆ ನಡುವೆ ನಿಲ್ಲಿಸಿದರೆ ಎದ್ದ ಬೇರು ಕೋಪಿಸಿಕೊಂಡು ಇದ್ದ ಕೂದಲನ್ನೂ ಕರೆದುಕೊಂಡು ಹೋಗುತ್ತದೆ ಎಂದ. ಆರು ಸೀಸೆ ಮುಗಿಯುವವರೆಗೆ ಯಾವನೂ ಅವನನ್ನು ಕೇಳುವ ಹಾಗಿಲ್ಲ, ಅಷ್ಟರಲ್ಲಿ ಅವನು ಇರುವುದಿಲ್ಲ. ಈಗ ಇದು ನನಗೆ ಅಂಗೈಯ ಗೆರೆಯಷ್ಟು ಸ್ಪಷ್ಟ. ಆಗ ಭೂತಗನ್ನಡಿ ಹಿಡಿದುಕೊಂಡು ನೆತ್ತಿಯನ್ನು ಹುಡುಕಿದೆ. ಹದಿನಾಲ್ಕು ನವಿರು ಸಿಕ್ಕಿದವು. ಕುಣಿದಾಡಿಬಿಟ್ಟೆ. ಅವು ಮೊದಲಿನಿಂದಲೂ ಅಲ್ಲೇ ಇದ್ದವು. ನಾನು ನನ್ನ ತಲೆಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಅಷ್ಟೇ.

ಎರಡನೆಯ ಸೀಸೆಯ ಹೊತ್ತಿಗೆ ನೆತ್ತಿಯಲ್ಲಿ ಬೊಬ್ಬೆ ಎದ್ದಿದ್ದವು. ಆಗ ಆ ಚೀಟಿ ಬಂತು. ತಂದವನು ಎರ್ಮೊಹೆನೆಸ್, ವಾರಕ್ಕೆ ಎರಡು ಸಲ ಬೆಟ್ಟಕ್ಕೆ ಉಪ್ಪು ಸಕ್ಕರೆ ಹೊರಿಸಿಕೊಂಡು ಹೋಗುವ ಹೇಸರಗತ್ತೆಯವನು. ಚೀಟಿ ಕೆನ್ಯುವಾ ಎನ್ನುವ ಹಳ್ಳಿಯದು, ನನಗೇ ಬರೆದದ್ದು. ‘ದೋನ್ ಅದೆಲ್ಮೊ, ನನ್ನ ಮಗಳು ನೆಲಿದಾಗೆ ಹತ್ತೊಂಬತ್ತು ವರ್ಷ. ಟೈಫಾಯ್ಡ್ ಬಂದು ಹೋದ ಮೇಲೆ ಅವಳ ಕೂದಲು ಹಿಡಿಹಿಡಿಯಾಗಿ ಉದುರಿತು. ನಾಲ್ಕು ತಿಂಗಳಿಂದ ಮನೆಯಿಂದ ಹೊರಗೆ ಬಂದಿಲ್ಲ. ಈ ಔಷಧಿ ನಿಜವೇ? ನೀವು ಹೌದು ಎಂದರೆ ತರಿಸುತ್ತೇನೆ. ಸೊಯ್ಲಾ ಕುಲ್ಕಿ.’

ಒಂದು ಕ್ಷಣ ಮೈಕು ಆರಿಸಿದ್ದರೆ ಸಾಕಿತ್ತು. ನೆತ್ತಿ ಚುರುಗುಟ್ಟುತ್ತಿತ್ತು, ಟೋಪಿಯ ಒಳಗೆ ಕೀವು ಅಂಟುತ್ತಿತ್ತು. ನನಗೆ ಗೊತ್ತಿಲ್ಲ ತಾಯೀ ಎಂದಿದ್ದರೂ ಆಗುತ್ತಿತ್ತು. ಆದರೆ ಆ ಹೆಂಗಸು ಕೇಳಿದ್ದು ನನ್ನ ಕೂದಲನ್ನು ನಂಬಿಕೊಂಡು. ನಾನು ನಕ್ಕು, ಮೊದಲೂ ದಟ್ಟವಾಗಿಯೇ ಇತ್ತು ದೋನ್ಯಾ ಸೊಯ್ಲಾ, ಈಗ ಬಾಚಣಿಗೆಯ ಹಲ್ಲೇ ಮುರಿಯುತ್ತಿದೆ ಎಂದೆ. ಸ್ವಲ್ಪ ಉರಿಯುತ್ತದೆ, ಹುಡುಗಿ ತಡೆದುಕೊಳ್ಳಲಿ, ನಡುವೆ ಬಿಡಬೇಡಿ ಎಂದೂ ಸೇರಿಸಿದೆ. ಅದನ್ನು ಸೇರಿಸು ಎಂದು ಯಾರೂ ನನಗೆ ಕಾಸು ಕೊಟ್ಟಿರಲಿಲ್ಲ. ಎರ್ಮೊಹೆನೆಸ್ ಆರು ಸೀಸೆಗಳನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿ ಬೆಟ್ಟಕ್ಕೆ ಒಯ್ದ.

ನಲವತ್ತೇ ಸೀಸೆ ಉಳಿದಿವೆ, ಭಾನುವಾರ ಕೊನೆ ಎಂದು ಮೂರು ಭಾನುವಾರ ಓದಿದೆ. ನಲವತ್ತು ನಲವತ್ತಾಗಿಯೇ ಉಳಿದಿತ್ತು. ಕೊನೆಯ ವಾರ ಡಾಕ್ಟರು ಕೊಟ್ಟ ಬರಹ ನನಗೆ ಬಹಳ ಹಿಡಿಸಿತು. ಔಷಧಿ ಅಂಗಡಿಗಳವರು ಹೊಟ್ಟೆಕಿಚ್ಚಿನಿಂದ ಸಂಚು ಮಾಡುತ್ತಿದ್ದಾರೆ. ನಾಳೆ ಅವರು ನಿಮ್ಮ ಅದೆಲ್ಮೊನನ್ನೇ ಕೂರಿಸಿ, ಹೆದರಿಸಿ, ಇದು ಸುಳ್ಳು ಎಂದು ಹೇಳಿಸಬಹುದು. ಅವತ್ತು ಅವನನ್ನೂ ನಂಬಬೇಡಿ! ಎಂಥ ಧೈರ್ಯದ ಮಾತು ಎಂದು ಮೈ ಜುಂ ಎಂದಿತು. ಎದೆ ತುಂಬಿ ಓದಿದೆ. ನನ್ನ ನಾಲಗೆಯನ್ನು ನನ್ನ ಕೈಯಿಂದಲೇ ಕತ್ತರಿಸಿ ಅವನ ಜೇಬಿಗೆ ಹಾಕುತ್ತಿದ್ದೇನೆ ಎಂದು ಗೊತ್ತಾಗಲಿಲ್ಲ.

ಬುಧವಾರ ಮಧ್ಯಾಹ್ನ ಎರ್ಮೊಹೆನೆಸ್ ಒಳಗೇ ಬಂದ. ಚೀಟಿ ತಂದಿರಲಿಲ್ಲ. ಟೋಪಿ ಕೈಯಲ್ಲಿ ಹಿಡಿದು ನಿಂತ. ಕೆನ್ಯುವಾದ ಹುಡುಗಿಯ ತಲೆ ಸುಟ್ಟ ಹಾಗಾಗಿದೆ, ನೀರು ಸೋರುತ್ತಿದೆ, ತಾಯಿ ಅವಳ ಎರಡೂ ಕೈ ಒತ್ತಿ ಹಿಡಿದು ದಿನಾ ಹಚ್ಚುತ್ತಿದ್ದಾಳೆ, ದೋನ್ ಅದೆಲ್ಮೊ ತಡೆದುಕೋ ಎಂದಿದ್ದಾರೆ ಎನ್ನುತ್ತಾಳೆ ಎಂದ. ಸೇತುವೆ ಪಕ್ಕದ ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಅವನು ಕೇಳಿಕೊಂಡು ಬಂದಿದ್ದ. ಟೈಫಾಯ್ಡಿಗೆ ಉದುರಿದ ಕೂದಲು ತಾನಾಗಿಯೇ ಬರುತ್ತದೆ, ಆದರೆ ಇನ್ನೊಂದು ವಾರ ಈ ವಿಷ ಹಚ್ಚಿದರೆ ಚರ್ಮ ಬೆಂದು ಹೋಗಿ ಆ ಹುಡುಗಿಗೆ ಜನ್ಮದಲ್ಲಿ ಕೂದಲು ಬರುವುದಿಲ್ಲ ಎಂದು ಆಕೆ ಹೇಳಿದ್ದಳು.

“ನಿಮ್ಗೂ ಮೊದ್ಲು ಹೀಗೇ ಆಗಿತ್ತಾ, ದೋನ್ ಅದೆಲ್ಮೊ? ಆಮೇಲೆ ಬಂತಾ?”

“ನನ್ನ ಬಿಡು. ಕೆಳಗಿನ ತಿಂಬೋದಲ್ಲಿ ಸಲೊಮೊನ್ ಪುಸ್ಕಾನನ ತಮ್ಮ ಇದಾನಲ್ಲ, ಅವನ್ನ ಕೇಳು. ಅವನ ಅಣ್ಣನಿಗೆ ಬಂದಿದೆ.”

“ಕೆಳಗಿನ ತಿಂಬೋನಾ? ಅಲ್ಲಿರೋದು ಹನ್ನೊಂದು ಮನೆ. ಎಲ್ಲಾ ಸೂತಾಗಳೇ. ಪುಸ್ಕಾನ್ ಅನ್ನೋರು ಒಬ್ರೂ ಇಲ್ವಲ್ಲ.”

ಓದಿದ ಚೀಟಿಗಳನ್ನು ನಾವು ಮೇಜಿನ ಮೇಲಿನ ಒಂದು ಮೊಳೆಗೆ ಚುಚ್ಚಿಡುತ್ತೇವೆ. ಕೂದಲಿನ ಚೀಟಿಗಳನ್ನೆಲ್ಲ ಹುಡುಕಿ ಎಳೆದು ಹರಡಿದೆ. ಹದಿನೇಳಿದ್ದವು. ಹದಿನೇಳೂ ಒಂದೇ ಕೈಬರಹ, ಒಂದೇ ಹಸಿರು ಶಾಯಿ. ಇಷ್ಟು ದಿನ ಕಣ್ಣ ಮುಂದೆ ಹಿಡಿದುಕೊಂಡೇ ಓದಿದ್ದೆ. ವಸತಿಗೃಹಕ್ಕೆ ಓಡಿದೆ. ಡಾಕ್ಟರ್ ಭಾನುವಾರವೇ ಕೋಣೆ ಖಾಲಿ ಮಾಡಿದ್ದ. ಬಿಳಿ ಕೋಟನ್ನು ಬಾಗಿಲ ಹಿಂದೆ ಬಿಟ್ಟುಹೋಗಿದ್ದ, ಅದರ ಕೊರಳಪಟ್ಟಿಯ ಒಳಗೆ ಯಾವುದೋ ಊರಿನ ಮಾಂಸದಂಗಡಿಯ ಹೆಸರು ಹೊಲಿದಿತ್ತು. ಮೂರು ಪೆನ್ನು ಮಾತ್ರ ಮರೆಯದೆ ತೆಗೆದುಕೊಂಡು ಹೋಗಿದ್ದ.

ಅವತ್ತು ಸಂಜೆ ಆರಕ್ಕೆ ಮೈಕಿನ ಮುಂದೆ ಕೂತು ಎಲ್ಲ ಹೇಳಿದೆ. ಔಷಧಿ ಸುಳ್ಳು, ಚೀಟಿಗಳು ಸುಳ್ಳು, ನನ್ನ ಕೂದಲೂ ಸುಳ್ಳು, ಹಚ್ಚುವುದನ್ನು ಈಗಲೇ ನಿಲ್ಲಿಸಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೆ ಅಂಥ ಪುಣ್ಯವೂ ಇರಲಿಲ್ಲ. ಪೇಟೆಯವರು ಬಿದ್ದು ಬಿದ್ದು ನಕ್ಕರು. ಬೆಟ್ಟದವರು ಏನೆಂದರು ಎನ್ನುವುದು ಶುಕ್ರವಾರ ಎರ್ಮೊಹೆನೆಸ್ ಬಂದ ಮೇಲೆ ತಿಳಿಯಿತು.

“ಪಾಪ, ಅಂಗಡಿಯೋರು ದೋನ್ ಅದೆಲ್ಮೊನ ಕೂರಿಸ್ಕೊಂಡು ಹೇಳ್ಸಿದಾರೆ ಅಂತ ಎಲ್ಲಾ ಮಾತಾಡ್ತಿದಾರೆ. ನಿಮ್ಮ ದನಿ ನಡುಗ್ತಿತ್ತಂತೆ. ಹೀಗಾಗುತ್ತೆ ಅಂತ ನೀವೇ ಮೊದ್ಲೇ ಹೇಳಿದ್ರಲ್ಲ. ದೋನ್ಯಾ ಸೊಯ್ಲಾ ನಿಮ್ಮ ಜೀವಕ್ಕೆ ಏನೂ ಆಗ್ದಿರಲಿ ಅಂತ ಮೇಣದಬತ್ತಿ ಹಚ್ಚಿದಾಳೆ.”

“ಔಷಧಿ?”

“ಅದನ್ನೂ ಹಚ್ತಿದಾಳೆ.”

ಶನಿವಾರ ಬೆಳಗಿನ ಓದಿನಲ್ಲಿ ಮತ್ತೆ ಹೇಳಿದೆ, ಈ ಸಲ ದನಿ ನಡುಗದ ಹಾಗೆ ಮೇಜನ್ನು ಹಿಡಿದುಕೊಂಡು. ಹೇಳುತ್ತಿರುವಾಗಲೇ ಗೊತ್ತಾಯಿತು: ನಾನು ಎಷ್ಟು ಜೋರಾಗಿ ಬೇಡ ಎಂದರೆ ಕೆನ್ಯುವಾದಲ್ಲಿ ಅಷ್ಟು ಮೇಣದಬತ್ತಿ ಉರಿಯುತ್ತದೆ, ಅಷ್ಟು ಔಷಧಿ ಸುರಿಯುತ್ತದೆ. ಮೈಕು ಆರಿಸಿ ಹೊರಗೆ ಬಂದು, ನನ್ನನ್ನೂ ಕರೆದುಕೊಂಡು ಹೋಗು ಎಂದು ಎರ್ಮೊಹೆನೆಸನಿಗೆ ಹೇಳಿದೆ. ಅವನ ಮುಂದೆ ಟೋಪಿ ತೆಗೆದೆ. ಅವನು ಶಿಲುಬೆಯ ಗುರುತು ಮಾಡಿಕೊಂಡ.

ಸೇತುವೆಯಿಂದ ಕೆನ್ಯುವಾಕ್ಕೆ ಬರೀ ಮೂರು ಗಂಟೆ ದಾರಿ, ಬೆಳಕಿರುವಾಗಲೇ ತಲುಪುತ್ತೀರಿ ಎಂದು ಎಷ್ಟೋ ಬಾಣಂತಿಯರಿಗೆ, ಎಷ್ಟೋ ಮುದುಕರಿಗೆ ರೇಡಿಯೊದಲ್ಲಿ ಧೈರ್ಯ ಹೇಳಿದ್ದೆ. ನನಗೆ ಏಳು ಗಂಟೆ ಹಿಡಿಯಿತು. ಮೊದಲ ಏರಿಗೇ ಮೊಣಕಾಲು ನಡುಗಿತು, ಎರಡನೆಯ ಏರಿಗೆ ಉಪ್ಪಿನ ಮೂಟೆ ಇಳಿಸಿ ಎರ್ಮೊಹೆನೆಸ್ ನನ್ನನ್ನು ಹೇಸರಗತ್ತೆಯ ಮೇಲೆ ಹಾಕಿದ, ಮೂರನೆಯ ಏರಿಗೆ ಅದು ನನ್ನನ್ನು ಇಳಿಸಿತು. ತಣ್ಣನೆಯ ಮಂಜು ಗಂಟಲಿಗೆ ಇಳಿದು ಕೆಮ್ಮು ಹತ್ತಿತು. ನಡುವಿನಲ್ಲಿ ಒಂದು ಮನೆಯ ಹೆಂಗಸು ಬೇಯಿಸಿದ ಜೋಳ ಕೊಟ್ಟು, ಯಾರು ಈ ಮುದುಕ ಎಂದು ಎರ್ಮೊಹೆನೆಸನನ್ನು ಕೇಳಿದಳು. ಉಪ್ಪಿನ ಗಿರಾಕಿ ಎಂದು ಅವನು ನನ್ನ ಮಾನ ಉಳಿಸಿದ.

ಸೊಯ್ಲಾ ಕುಲ್ಕಿ ಅಂಗಳದಲ್ಲಿ ಜೋಳ ಬಿಡಿಸುತ್ತಿದ್ದಳು. ಗಟ್ಟಿಮುಟ್ಟಾದ, ಚಿಕ್ಕ ಹೆಂಗಸು. ಇವರೇ ದೋನ್ ಅದೆಲ್ಮೊ ಎಂದು ಎರ್ಮೊಹೆನೆಸ್ ಹೇಳಿದಾಗ ಅವಳ ಮುಖ ಅರಳಿತು, ಕೈ ಒರೆಸಿಕೊಂಡು ಎದ್ದಳು. ನಾನು ಟೋಪಿ ತೆಗೆದೆ. ಅರಳಿದ್ದು ಮುಚ್ಚಿಕೊಂಡಿತು.

“ಯಾರನ್ನ ಕರ್ಕೊಂಡ್ ಬಂದಿದೀಯಾ, ಎರ್ಮೊಹೆನೆಸ್? ದೋನ್ ಅದೆಲ್ಮೊಗೆ ಕೂದ್ಲಿದೆ. ಇವ್ನು ಅಂಗಡಿಯೋರು ಹಿಡಿದು ಕಳ್ಸಿರೋ ಬೋಳ.”

ನಾನು ಬಾಯಿ ತೆರೆದೆ. ಏಳು ಗಂಟೆಯ ಏರು, ಮಂಜು, ಕೆಮ್ಮು ಎಲ್ಲ ಸೇರಿ ಗಂಟಲಿನಿಂದ ಬಂದದ್ದು ಕಪ್ಪೆಯ ಸದ್ದು. ನಾನೇ ಅದೆಲ್ಮೊ ಎಂದು ಕಪ್ಪೆಯ ದನಿಯಲ್ಲಿ ಹೇಳಿದೆ. ಅವಳು ಪಕ್ಕದಲ್ಲಿದ್ದ ಜೋಳದ ಬುಟ್ಟಿಯನ್ನು ಒಳಗೆ ಎಳೆದುಕೊಂಡಳು, ಕದಿಯುತ್ತೇನೆಂದು. ಕೂದಲಿಲ್ಲ ಎನ್ನುವ ಒಂದೇ ಒಂದು ನಿಜವನ್ನು ಹೊತ್ತುಕೊಂಡು ಇಷ್ಟು ದೂರ ಬಂದಿದ್ದೆ. ಅದೇ ನಿಜ ನಾನು ನಾನಲ್ಲ ಎಂದು ಸಾಕ್ಷಿ ಹೇಳುತ್ತಿತ್ತು. ಅಂಗಳದಲ್ಲಿ ನಿಂತು ನನಗೆ ಅಳು ಬಂತು. ಒಳಗೆ ಆ ಹುಡುಗಿ ಇದ್ದಾಳೆ, ಕಿಟಕಿಯಲ್ಲಿ ಕೆಂಪು ಸೀಸೆ ಕಾಣುತ್ತಿದೆ, ನನ್ನ ಕೈಯಲ್ಲಿ ಏನೂ ಆಗುವುದಿಲ್ಲ.

ಎರ್ಮೊಹೆನೆಸ್ ಬಿಸಿನೀರು ಬೇಡಿ ತಂದು ಕುಡಿಸಿದ. ಎರಡು ಲೋಟ ಕುಡಿದೆ. ಮನೆಯ ಬಾಗಿಲಿನ ಕಡೆ ತಿರುಗಿ, ಕಣ್ಣು ಮುಚ್ಚಿ, ಸಂಜೆ ಆರು ಗಂಟೆ ಎಂದುಕೊಂಡೆ.

“ಕೆನ್ಯುವಾದ ಕುಲ್ಕಿ ಮನೆಯವರಿಗೆ,” ಎಂದೆ. “ಸಾನ್ ಇಲಾರಿಯೊದ ಅದೆಲ್ಮೊ ತ್ರಿಗೊಸೊ ತಿಳಿಸುವುದು: ನನಗೆ ಕೂದಲಿಲ್ಲ. ನಿಮಗೆ ಹೇಳಿದ ದಿನವೂ ಇರಲಿಲ್ಲ. ನಾನು ಆ ಔಷಧಿ ಹಚ್ಚಿಕೊಂಡೆ, ತಲೆ ಬೆಂದಿತು. ಮಗಳ ತಲೆಗೆ ಇನ್ನೊಂದು ಹನಿಯನ್ನೂ ಹಚ್ಚಬೇಡಿ.”

ಒಳಗಿನಿಂದ ಹುಡುಗಿಯ ದನಿ ಬಂತು. “ಅಮ್ಮಾ, ಅವ್ರೇ.”

ತಲೆಗೆ ಬಟ್ಟೆ ಕಟ್ಟಿಕೊಂಡು ನೆಲಿದಾ ಬಾಗಿಲಿಗೆ ಬಂದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನಗು ತಡೆಯುವುದಕ್ಕೆ ತುಟಿ ಕಚ್ಚಿಕೊಂಡಳು ಎಂದು ನನಗೆ ಅನ್ನಿಸಿತು, ನಗಲಿ. ಸೊಯ್ಲಾ ಮಾತ್ರ ಹತ್ತಿರ ಬಂದು, ನಾನು ತಲೆ ಬಗ್ಗಿಸಿದೆನೋ ಇಲ್ಲವೋ, ನೆತ್ತಿಯ ಬೊಬ್ಬೆಯೊಂದನ್ನು ಹೆಬ್ಬೆರಳಿನಿಂದ ಒತ್ತಿದಳು. ಬಣ್ಣ ಬಳಿದುಕೊಂಡು ಬಂದಿದ್ದೇನೋ ಎನ್ನುವ ಅನುಮಾನ ಇರಬೇಕು. ನಾನು ಕಿರುಚಿದೆ. ನಲವತ್ತೊಂಬತ್ತು ವರ್ಷದ ಗಂಡಸು, ಅಂಗಳದ ಕೋಳಿಗಳೆಲ್ಲ ಹಾರುವ ಹಾಗೆ ಕಿರುಚಿದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಆ ಬೆರಳನ್ನು ನೋಡಿದಳು, ಮಗಳ ಕಡೆ ನೋಡಿದಳು.

“ಇಷ್ಟು ನೋಯುತ್ತಾ?” ಎಂದು ಕೇಳಿದಳು. ಕೇಳಿದ್ದು ನನ್ನನ್ನಲ್ಲ.

ಸೊಯ್ಲಾ ಹೊಸ್ತಿಲ ಮೇಲೆ ಕುಸಿದು ಕೂತು ತನ್ನ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು. ಹನ್ನೊಂದು ದಿನ ಮಗಳ ಎರಡು ಕೈಗಳನ್ನು ಒತ್ತಿ ಹಿಡಿದಿದ್ದ ಕೈಗಳು ಅವು. ಮಾತಿನಿಂದ ಹೊಟ್ಟೆ ಹೊರೆಯುವವನಿಗೆ ಮಾತು ಬೇಕಾದಾಗ ಬರುವುದಿಲ್ಲ.

ಮಾತಾಡಿದವಳು ನೆಲಿದಾ. ಅವಳಿಗೆ ಮೂರನೆಯ ಚೀಟಿಗೇ ಗೊತ್ತಾಗಿತ್ತಂತೆ. ನಾಲ್ಕು ತಿಂಗಳಿಂದ ಅವಳಿಗೆ ರೇಡಿಯೊ ಕೇಳುವುದೊಂದೇ ಕೆಲಸ.

“ನಮ್ಮೋರು ಕಾಸು ಕೊಟ್ಟು ಚೀಟಿ ಬರೆಸಿದ್ರೆ ಹೇಸರಗತ್ತೆ ಕೇಳ್ತಾರೆ, ಉಪ್ಪು ಕೇಳ್ತಾರೆ, ಯಾರೋ ಸತ್ರು ಅಂತಾರೆ. ನಂಗೆ ಸಂತೋಷಕ್ಕೆ ಪಾರವಿಲ್ಲ ಅಂತ ಯಾರು ಕಾಸು ಕೊಟ್ಟು ಹೇಳ್ತಾರೆ, ದೋನ್ ಅದೆಲ್ಮೊ? ಅಷ್ಟು ಜನದಲ್ಲಿ ಒಬ್ರೂ ಏನೂ ಕೇಳ್ಲಿಲ್ಲ. ಎಲ್ಲಾ ಒಬ್ನೇ ಬರ್ದಿರೋದು ಅಂತ ಅಮ್ಮಂಗೆ ಹೇಳ್ದೆ.”

“ಮತ್ತೆ ಯಾಕಮ್ಮ ಹಚ್ಚಿಸ್ಕೊಂಡೆ?”

“ಬರ್ದಿರೋನು ಯಾವನಾದ್ರೂ ಆಗ್ಲಿ, ಓದ್ತಿರೋದು ದೋನ್ ಅದೆಲ್ಮೊ ಅಂದ್ಲು ಅಮ್ಮ. ನಾನು ಅದ್ಕೂ ಒಪ್ಲಿಲ್ಲ. ಆಮೇಲೆ ಚೀಟಿ ಇಲ್ದೆ, ನಿಮ್ಮ ಬಾಯಿಂದ್ಲೇ ಹೇಳಿದ್ರಿ. ಆಗ ನಾನೂ ನಂಬ್ದೆ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ, ಆದದ್ದನ್ನು ಆದ ಹಾಗೆ ಹೇಳಿದಳು. ಹದಿನೇಳು ಸುಳ್ಳುಗಳನ್ನು ಮನೆಯಲ್ಲೇ ಕೂತು ಸೋಲಿಸಿದ್ದ ಹುಡುಗಿಯನ್ನು ಹದಿನೆಂಟನೆಯದು ಕೆಡವಿತ್ತು. ಅದನ್ನು ಬರೆದವನು ಮೂರು ಪೆನ್ನಿನವನಲ್ಲ, ನಾನು.

ಸೀಸೆಗಳನ್ನು ಎರ್ಮೊಹೆನೆಸ್ ಚೀಲಕ್ಕೆ ತುಂಬಿದ. ನಾಳೆ ಬೆಳಿಗ್ಗೆ ಹುಡುಗಿಯನ್ನು ನರ್ಸಮ್ಮನ ಹತ್ತಿರ ಇಳಿಸುವುದು ಎಂದಾಯಿತು. ಆದರೆ ಔಷಧಿ ಹೋಗಿದ್ದು ಕೆನ್ಯುವಾಕ್ಕೊಂದೇ ಅಲ್ಲ, ಇನ್ನೂ ಹತ್ತು ಹಳ್ಳಿಗಳಲ್ಲಿ ಎಷ್ಟೋ ತಲೆಗಳು ಉರಿಯುತ್ತಿದ್ದವು. ಎಲ್ಲ ಅಂಗಳಗಳಿಗೂ ಹತ್ತಿ ಹೋಗಿ ಕಿರುಚುವುದು ನನ್ನ ಮೊಣಕಾಲಿಗೆ ಆಗುವ ಕೆಲಸವಲ್ಲ, ನಾನು ರೇಡಿಯೊದಲ್ಲಿ ಹೇಳಿದರೆ ಅವರು ನಂಬುವುದಿಲ್ಲ ಎಂದು ನೆಲಿದಾಗೆ ಹೇಳಿದೆ. ಅವಳು ಒಳಗೆ ಹೋಗಿ ಕಾಗದ ತಂದಳು. ಬರೆದು, ಮಡಿಸಿ, ಚೀಟಿಯ ಕಾಸನ್ನೂ ಇಟ್ಟಳು. ಕಾಸು ಬೇಡ ಎಂದೆ. ಕಾಸು ಕೊಟ್ಟರೆ ಬದಲಿಸದೆ ಓದುತ್ತೀರಲ್ಲ ಎಂದಳು.

ಸೋಮವಾರ ಸಂಜೆ ಆರಕ್ಕೆ, ಎರಡು ಸಾವುಗಳು ಮತ್ತು ಒಂದು ಹಂದಿಯ ಮಾರಾಟದ ನಂತರ, ಅದನ್ನು ಓದಿದೆ. ‘ಬೆಟ್ಟದ ಎಲ್ಲ ಮನೆಯವರಿಗೆ, ಕೆನ್ಯುವಾದ ನೆಲಿದಾ ಕುಲ್ಕಿ ತಿಳಿಸುವುದು: ದೋನ್ ಅದೆಲ್ಮೊ ನಮ್ಮ ಮನೆಗೆ ಬಂದಿದ್ದರು. ಅವರಿಗೆ ಒಂದು ಕೂದಲೂ ಇಲ್ಲ. ಬಹಳ ವರ್ಷದ ಹಳೆಯ ಬೋಳು ಅದು, ನಾನು ಕಣ್ಣಾರೆ ನೋಡಿದೆ. ನೆತ್ತಿ ಬೆಂದಿದೆ, ನನ್ನದೂ ಬೆಂದಿದೆ. ಹೆದರಿಸಿ ಹೇಳಿಸಿದ್ದಲ್ಲ, ಮುಟ್ಟಿದರೆ ಕಿರುಚುತ್ತಾರೆ. ಔಷಧಿ ಹಚ್ಚಬೇಡಿ. ಅನುಮಾನ ಇದ್ದವರು ಮಂಗಳವಾರ ಸೇತುವೆ ಹತ್ತಿರ ಬನ್ನಿ, ನಾನು ತಲೆಯ ಬಟ್ಟೆ ತೆಗೆದು ಅಲ್ಲಿ ನಿಂತಿರುತ್ತೇನೆ.’

ಕೊನೆಯ ಸಾಲನ್ನು ಓದುವವರೆಗೆ ನನಗೆ ಅದು ಗೊತ್ತಿರಲಿಲ್ಲ, ಚೀಟಿಯನ್ನು ಮೊದಲೇ ಬಿಡಿಸಿ ನೋಡಿರಲಿಲ್ಲ. ಮಂಗಳವಾರ ಬೆಳಗಿನ ಚೀಟಿಗಳನ್ನು ಓದಿ ಮುಗಿಸಿ, ಟೋಪಿಯನ್ನು ಮೇಜಿನ ಮೇಲೆ ಬಿಟ್ಟು ನಾನೂ ಸೇತುವೆಗೆ ಹೋದೆ. ಅವಳು ಆಗಲೇ ಬಂದಿದ್ದಳು. ಬಿಸಿಲಲ್ಲಿ ಬಟ್ಟೆ ತೆಗೆದು ನಿಂತಿದ್ದಳು, ಪಕ್ಕದಲ್ಲಿ ತಾಯಿ. ನಾನು ಹೋಗಿ ಅವಳ ಇನ್ನೊಂದು ಪಕ್ಕದಲ್ಲಿ ನಿಂತೆ, ಮತ್ತು ಜನ ಒಬ್ಬೊಬ್ಬರಾಗಿ ಬಂದು ನಮ್ಮಿಬ್ಬರ ತಲೆಗಳನ್ನು ನೋಡಿಕೊಂಡು ಹೋದರು.